ಗ್ಯಾಸ್ ಬಾಯ್ಲರ್ ಹೋಮ್ ಆಟೊಮೇಶನ್ ಮಾತು ಕೇಳದಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವುದು

ಇಲ್ಲಿ ಬಾಯ್ಲರ್ ಅಂದರೆ ರೇಡಿಯೇಟರ್‌ಗಳಿಗೆ ಬಿಸಿನೀರು ಕಳಿಸಿ ಮನೆ ಬೆಚ್ಚಗಿಡುವ ಯಂತ್ರ. ಅದರಲ್ಲಿ ಉರಿಯನ್ನು ತಾನೇ ಸಣ್ಣದು, ದೊಡ್ಡದು ಮಾಡಿಕೊಳ್ಳುವುದು ಮಾಡ್ಯುಲೇಟಿಂಗ್ ಬಾಯ್ಲರ್. ಹಳೆಯವು ಹೊತ್ತಿದರೆ ಪೂರ್ತಿ ಹೊತ್ತುತ್ತಿದ್ದವು, ಇಲ್ಲದಿದ್ದರೆ ಆರಿರುತ್ತಿದ್ದವು, ನಡುವೆ ಏನೂ ಇಲ್ಲ. ಇದನ್ನು ಹೋಮ್ ಅಸಿಸ್ಟೆಂಟ್‌ನಂಥ, ಮನೆಯ ಉಪಕರಣಗಳನ್ನು ನಡೆಸುವ ಸಾಫ್ಟ್‌ವೇರಿಗೆ ಜೋಡಿಸಿದ ಮೇಲೆ ಏನಾದರೂ ಎಡವಟ್ಟಾದರೆ ಎಲ್ಲರೂ ಮೊದಲು ಬೈಯುವುದು ಬಾಯ್ಲರಿಗೆ. ನಾನು ನೋಡಿದ ಮಟ್ಟಿಗೆ ಬಾಯ್ಲರ್ ಹೆಚ್ಚಾಗಿ ಸರಿಯಾಗೇ ಇರುತ್ತದೆ. ನೀರು ಎಷ್ಟು ಬಿಸಿ ಇರಬೇಕು ಅಂತ ಅದಕ್ಕೆ ಇಬ್ಬರು ಮೂವರು ಒಟ್ಟಿಗೆ ಹೇಳುತ್ತಿರುತ್ತಾರೆ, ಅಥವಾ ಯಾರೂ ಹೇಳುತ್ತಿರುವುದಿಲ್ಲ. ಆದ್ದರಿಂದ ಕೆಳಗಿನ ಯಾವ ಲಕ್ಷಣ ಕಂಡರೂ ಒಂದು ಪ್ರಶ್ನೆ ತಲೆಯಲ್ಲಿರಲಿ: ಈಗ ಈ ಬಾಯ್ಲರಿಗೆ ಯಜಮಾನ ಯಾರು?

ಇದನ್ನು ಓದದೆ ಮುಂದೆ ಹೋಗಬೇಡಿ

ಗ್ಯಾಸ್ ವಾಸನೆ ಬಂದರೆ ಈ ಬರಹವನ್ನೇ ಬಿಡಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ತೆಗೆಯಲೂ ಬೇಡಿ. ಸುಲಭವಾಗಿ ಕೈಗೆ ಸಿಗುವಂತಿದ್ದರೆ ಗ್ಯಾಸ್ ವಾಲ್ವ್ ಮುಚ್ಚಿ, ಕಿಟಕಿ ತೆರೆದಿಟ್ಟು, ಎಲ್ಲರೂ ಹೊರಗೆ ಹೋಗಿ, ಹೊರಗಿನಿಂದಲೇ ಫೋನ್ ಮಾಡಿ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಯ್ಲರ್ ಉರಿಯುವಾಗ ಮನೆಯವರಿಗೆಲ್ಲ ತಲೆನೋವು, ವಾಕರಿಕೆ ಶುರುವಾಗಿ, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಅದನ್ನು ನೆಗಡಿ ಅಂತ ತಳ್ಳಿಹಾಕಬೇಡಿ. ಅದಕ್ಕೆಂದೇ ಬರುವ ಅಲಾರಂ ಮನೆಯಲ್ಲಿ ಇರಲೇಬೇಕು, ಮತ್ತು ಅದು ವೈಫೈ ಇಲ್ಲದಿದ್ದರೂ ಕೂಗಬೇಕು. ಫೋನಿಗೆ ನೋಟಿಫಿಕೇಶನ್ ಬರುತ್ತದಲ್ಲ ಅನ್ನುವುದು ಅಲಾರಂ ಅಲ್ಲ.

ಉರಿ ಇರುವ ಭಾಗದ ಮುಚ್ಚಳ, ಗ್ಯಾಸ್ ವಾಲ್ವ್, ಹೊಗೆ ಕೊಳವೆ ಮೂರೂ ನಮ್ಮ ಕೆಲಸವಲ್ಲ, ಗ್ಯಾಸ್ ಕೆಲಸಕ್ಕೆ ಪರವಾನಗಿ ಇರುವವರದ್ದು. ನಾವು ಮುಟ್ಟುವುದು ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿ ಬಾಯ್ಲರಿಗೆ ಹೇಳುವ ಗೋಡೆಯ ಉಪಕರಣ) ವೈರು, ಸಾಫ್ಟ್‌ವೇರ್ ಮತ್ತು ರೇಡಿಯೇಟರ್ ವಾಲ್ವ್‌ಗಳನ್ನು ಮಾತ್ರ.

ಆ ವೈರೂ ಪಾಪದ್ದಲ್ಲ. ಎಷ್ಟೋ ಬಾಯ್ಲರ್‌ಗಳಲ್ಲಿ ಥರ್ಮೋಸ್ಟಾಟ್ ಜಾಗ ಎರಡಿರುತ್ತದೆ: ಒಂದು ಕಡಿಮೆ ವೋಲ್ಟೇಜಿನ ಡಿಜಿಟಲ್ ಲೈನಿಗೆ, ಇನ್ನೊಂದು ಮನೆಯ ಕರೆಂಟೇ ಹರಿಯುವ ಆನ್-ಆಫ್ ಸ್ವಿಚ್ಚಿಗೆ. ಮೊದಲನೆಯದಕ್ಕೆ 230 ವೋಲ್ಟ್ ತಾಗಿಸಿದರೆ ಬೋರ್ಡು ಸುಟ್ಟುಹೋಗುತ್ತದೆ, ಎರಡನೆಯದಕ್ಕೆ ಬರಿಗೈ ಹಾಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ. ಬಾಯ್ಲರಿನ ಮೇನ್ ಸ್ವಿಚ್ ತೆಗೆಯದೆ ಯಾವ ವೈರನ್ನೂ ಬಿಚ್ಚಬೇಡಿ.

ಲಕ್ಷಣ: ಹೋಮ್ ಅಸಿಸ್ಟೆಂಟ್ ಪರದೆ ಮೇಲೆ ಏನೂ ಬರುತ್ತಿಲ್ಲ

ಮೊದಲು ಖರ್ಚಿಲ್ಲದ ಪರೀಕ್ಷೆ. ಬಾಯ್ಲರಿನ ಪಕ್ಕ ಕೂರಿಸಿದ, ಅದರ ಮಾತನ್ನು ಹೋಮ್ ಅಸಿಸ್ಟೆಂಟಿಗೆ ಮುಟ್ಟಿಸುವ ಚಿಕ್ಕ ಇಎಸ್‌ಪಿ ಬೋರ್ಡಿಗೆ ವೈಫೈ ಸಿಗುತ್ತಿದೆಯಾ ನೋಡಿ. ಬಾಯ್ಲರಿನ ಮೈಯೆಲ್ಲ ಕಬ್ಬಿಣ. ಅದರ ಒಳಗೆ ಬೋರ್ಡು ಅಡಗಿಸಿಟ್ಟರೆ ಚೆಂದ ಕಾಣುತ್ತದೆ, ಸಿಗ್ನಲ್ ಸಾಯುತ್ತದೆ. ಹೊರಗೆ ತನ್ನಿ. ಎರಡನೆಯದು, ರೂಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟಿರಬಹುದು, ಒಂದೇ ವಿಳಾಸ ಕಟ್ಟಿಹಾಕಿ.

ಬೋರ್ಡು ಜೀವಂತವಿದೆ, ಬಾಯ್ಲರ್ ಮಾತ್ರ ಉತ್ತರಿಸುತ್ತಿಲ್ಲ ಅಂದರೆ ಇಬ್ಬರೂ ಆಡುವ ಭಾಷೆ ಒಂದೇನಾ ಅಂತ ಕೇಳಿಕೊಳ್ಳಿ. ಓಪನ್‌ಥರ್ಮ್, ಇಬಸ್, ಇಎಂಎಸ್ ಎಲ್ಲವೂ ಎರಡೇ ವೈರಿನವು, ನೋಡಲು ಒಂದೇ ಥರ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಇಬಸ್ ಓಡುವುದು 2400 ಬಾಡ್, ಅಂದರೆ ಸೆಕೆಂಡಿಗೆ 2400 ಬಿಟ್ ವೇಗದಲ್ಲಿ, ಇಎಂಎಸ್ 9600ರಲ್ಲಿ. ಓಪನ್‌ಥರ್ಮ್‌ನ ರೀತಿಯೇ ಬೇರೆ: ಸೆಕೆಂಡಿಗೆ 1000 ಬಿಟ್, ಥರ್ಮೋಸ್ಟಾಟ್ ವೋಲ್ಟೇಜ್ ಏರಿಳಿಸಿ ಮಾತಾಡುತ್ತದೆ, ಬಾಯ್ಲರ್ ಕರೆಂಟ್ ಏರಿಳಿಸಿ ಉತ್ತರ ಕೊಡುತ್ತದೆ. ಅದಕ್ಕೇ ಇಎಸ್‌ಪಿಯ 3.3 ವೋಲ್ಟ್ ಪಿನ್ನನ್ನು ನೇರ ಜೋಡಿಸಿದರೆ ಕೆಲಸ ಆಗುವುದಿಲ್ಲ, ನಡುವೆ ಅದಕ್ಕೆಂದೇ ಮಾಡಿದ ಅಡಾಪ್ಟರ್ ಬೇಕು. ನಿಮ್ಮ ಬಾಯ್ಲರ್ ಯಾವ ಭಾಷೆಯದು ಅನ್ನುವುದು ಅದರ ಜೊತೆ ಬಂದ ಇನ್‌ಸ್ಟಾಲೇಶನ್ ಪುಸ್ತಕದಲ್ಲಿರುತ್ತದೆ. ಕಂಪನಿ ಹೆಸರು ನೋಡಿ ಊಹೆ ಮಾಡಬೇಡಿ.

ವೈರು ಅದಲು ಬದಲಾಗಿರಬಹುದಾ? ಓಪನ್‌ಥರ್ಮ್‌ನಲ್ಲಿ ಪ್ಲಸ್ಸು ಮೈನಸ್ಸು ಅಂತ ಇಲ್ಲವೇ ಇಲ್ಲ, ಹೇಗೆ ಹಾಕಿದರೂ ನಡೆಯಬೇಕು. ಇದು ಗೊತ್ತಿಲ್ಲದೆ ನಾನು ಒಂದು ಸಂಜೆಯಿಡೀ ಎರಡು ವೈರನ್ನು ಹಿಂದು ಮುಂದು ಮಾಡುತ್ತ ಕೂತಿದ್ದೆ, ಕೊನೆಗೆ ನೋಡಿದರೆ ವೈರು ಪಕ್ಕದ ಟರ್ಮಿನಲ್ಲಿನಲ್ಲಿತ್ತು. ಇಬಸ್‌ನಲ್ಲಿ ಹಾಗಲ್ಲ, ಅಲ್ಲಿ ಪ್ಲಸ್ ಮೈನಸ್ ನೋಡಲೇಬೇಕು.

ಮೀಟರ್ ಬಳಸಿ ಅಭ್ಯಾಸವಿದ್ದರೆ ಥರ್ಮೋಸ್ಟಾಟ್ ವೈರಿನ ಗೋಡೆಯ ಕಡೆಯ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಮೊದಲು ಮೀಟರನ್ನು ಎಸಿಯ ದೊಡ್ಡ ರೇಂಜಿಗೆ ಇಟ್ಟು ನೋಡಿ. 230ರ ಹತ್ತಿರ ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಎಸಿ ಇಲ್ಲ ಅಂತ ಖಾತ್ರಿಯಾದ ಮೇಲೆ ಡಿಸಿ. ಏನೂ ಜೋಡಿಸದ ಓಪನ್‌ಥರ್ಮ್ ಲೈನಿನಲ್ಲಿ ಸಾಮಾನ್ಯವಾಗಿ ಇಪ್ಪತ್ತು ವೋಲ್ಟಿನ ಮೇಲೆ ಇರುತ್ತದೆ, 42 ದಾಟಬಾರದು. ಸೊನ್ನೆ ಬಂದರೆ ವೈರು ಕಡಿದಿದೆ, ಇಲ್ಲವೇ ತಪ್ಪು ಟರ್ಮಿನಲ್, ಇಲ್ಲವೇ ಬಾಯ್ಲರಿನ ಮೆನುವಿನಲ್ಲಿ ಆ ಲೈನನ್ನು ಆಫ್ ಮಾಡಿಟ್ಟಿದ್ದಾರೆ. ವೈರು 50 ಮೀಟರ್ ದಾಟಿದ್ದರೂ ತೊಂದರೆ ಬರುತ್ತದೆ, ಆದರೆ ಮನೆಯೊಳಗೆ ಅಷ್ಟು ಉದ್ದ ಯಾರೂ ಎಳೆಯುವುದಿಲ್ಲ.

ಲಕ್ಷಣ: ಅಂಕಿ ಬರುತ್ತಿದೆ, ಆದರೆ ನಂಬುವ ಹಾಗಿಲ್ಲ

ನೀರು 46 ಡಿಗ್ರಿ ಇರಬೇಕಾದ ಕಡೆ 11776 ಅಂತ ತೋರಿಸುತ್ತಿದ್ದರೆ ಹೆದರಬೇಡಿ. ಓಪನ್‌ಥರ್ಮ್ ಉಷ್ಣತೆಯನ್ನು 256ರಿಂದ ಗುಣಿಸಿ ಕಳಿಸುತ್ತದೆ, ನಿಮ್ಮ ಕಡೆ ಯಾರೋ ಭಾಗಿಸಲು ಮರೆತಿದ್ದಾರೆ. ಇದಕ್ಕಿಂತ ಮಜಾ ಇನ್ನೊಂದಿದೆ. ಹೊರಗಿನ ಸೆನ್ಸರ್ ತಿಂಗಳುಗಟ್ಟಲೆ ಸರಿಯಾಗಿದ್ದು, ಒಂದು ಚಳಿಯ ಬೆಳಗ್ಗೆ ಇದ್ದಕ್ಕಿದ್ದಂತೆ ಹೊರಗೆ 251 ಡಿಗ್ರಿ ಅನ್ನುತ್ತದೆ. ಸೆನ್ಸರ್ ಕೆಟ್ಟಿಲ್ಲ. ಹೊರಗೆ ಮೈನಸ್ 5 ಇದೆ, ನಿಮ್ಮ ಕೋಡಿಗೆ ಮೈನಸ್ ಓದಲು ಬರುತ್ತಿಲ್ಲ. ಹೊರಗಿನ ಚಳಿ ನೋಡಿ ನೀರಿನ ಬಿಸಿ ಲೆಕ್ಕ ಹಾಕುವ ವ್ಯವಸ್ಥೆ ನಿಮ್ಮದಾದರೆ ಇದು ಬರೀ ತಮಾಷೆಯಲ್ಲ, ಜಾಸ್ತಿ ಚಳಿಯಿರುವ ದಿನವೇ ಬಾಯ್ಲರ್ ಆಫ್ ಆಗಿ ಕೂರುತ್ತದೆ.

ಮಾಡ್ಯುಲೇಶನ್ ಸೊನ್ನೆ ಅಂತ ತೋರಿಸುತ್ತದೆ, ಉರಿ ಮಾತ್ರ ಹೊತ್ತಿದೆ? ಅದು ದೋಷವಲ್ಲ. ಕೆಲವು ಬಾಯ್ಲರ್‌ಗಳಿಗೆ ಸೊನ್ನೆ ಅಂದರೆ ಆರಿದೆ ಅಂತಲ್ಲ, ಅತಿ ಸಣ್ಣ ಉರಿ ಅಂತ. ಉರಿ ಇದೆಯಾ ಇಲ್ಲವಾ ಅನ್ನುವುದಕ್ಕೆ ಬೇರೆಯೇ ಬಿಟ್ (ಹೌದು ಅಥವಾ ಇಲ್ಲ ಅನ್ನುವ ಗುರುತು) ಇದೆ, ಅದನ್ನೇ ನೋಡಿ. ಇನ್ನು ರೇಡಿಯೇಟರ್‌ಗಳಿಂದ ವಾಪಸ್ ಬರುವ ನೀರಿನ ಬಿಸಿ, ಪ್ರೆಷರ್, ಇಂಥವು ಖಾಲಿ ಬಂದರೆ ನಿಮ್ಮ ಬಾಯ್ಲರ್ ಅವನ್ನು ಹೇಳುವುದೇ ಇಲ್ಲ ಅಂತ ಅರ್ಥ. ಓಪನ್‌ಥರ್ಮ್‌ನಲ್ಲಿ ಕೆಲವೇ ಸಂಗತಿ ಕಡ್ಡಾಯ, ಉಳಿದದ್ದು ತಯಾರಕರ ಇಷ್ಟ.

ಲಕ್ಷಣ: ಹೇಳಿದ ಮಾತು ಒಂದು ನಿಮಿಷ ಕೇಳಿ ಮರೆಯುತ್ತದೆ

ನೀವು 50 ಡಿಗ್ರಿ ಅಂತ ಕಳಿಸುತ್ತೀರಿ. ಗ್ರಾಫು ಚೆನ್ನಾಗಿ 50ಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹಳೆಯ ಜಾಗಕ್ಕೇ ಬಂದು ಕೂರುತ್ತದೆ. ಗೋಡೆಯ ಥರ್ಮೋಸ್ಟಾಟ್ ಮತ್ತು ಬಾಯ್ಲರ್ ನಡುವೆ ಓಪನ್‌ಥರ್ಮ್ ಗೇಟ್‌ವೇ (ಇಬ್ಬರ ಮಾತೂ ಕೇಳಿ, ಬೇಕಾದರೆ ಬದಲಿಸಿ ದಾಟಿಸುವ ಬೋರ್ಡು) ಇಟ್ಟವರಿಗೆ ಇದು ಗ್ಯಾರಂಟಿ ಒಮ್ಮೆಯಾದರೂ ಆಗುತ್ತದೆ. ಆ ಗೇಟ್‌ವೇಗೆ ನೀರಿನ ಬಿಸಿಯ ಆದೇಶವನ್ನು ನಿಮಿಷಕ್ಕೊಮ್ಮೆಯಾದರೂ ಮತ್ತೆ ಹೇಳುತ್ತಿರಬೇಕು, ಇಲ್ಲದಿದ್ದರೆ ಅದು ಅಧಿಕಾರವನ್ನು ಥರ್ಮೋಸ್ಟಾಟಿಗೆ ವಾಪಸ್ ಕೊಡುತ್ತದೆ. ಇದನ್ನು ದೋಷ ಅಂತ ಬೈದುಕೊಳ್ಳಬೇಡಿ. ಹೋಮ್ ಅಸಿಸ್ಟೆಂಟ್ ಓಡುವ ನಿಮ್ಮ ಸರ್ವರ್ ರಾತ್ರಿ ಸತ್ತರೆ ಮನೆ ಹೆಪ್ಪುಗಟ್ಟದೆ ಉಳಿಯುವುದು ಇದರಿಂದಲೇ. ಮೂವತ್ತು ಸೆಕೆಂಡಿಗೊಮ್ಮೆ ಕಳಿಸುವ ಹಾಗೆ ಮಾಡಿ, ಅಷ್ಟೇ.

ಮಾತು ಒಂದು ಸಲವೂ ಕೇಳುತ್ತಿಲ್ಲ ಅಂದರೆ ಎದ್ದು ಹೋಗಿ ಬಾಯ್ಲರಿನ ಮುಖ ನೋಡಿ. ನಿಜವಾಗಿಯೂ. ಅಲ್ಲಿನ ಗುಂಡಿ ಬೇಸಿಗೆಯ ಗುರುತಿನಲ್ಲಿದ್ದರೆ ನೀವು ಎಷ್ಟು ಕೂಗಿದರೂ ರೇಡಿಯೇಟರ್ ಬಿಸಿಯಾಗುವುದಿಲ್ಲ. ಬಿಸಿಯ ಗುಂಡಿ 50ರಲ್ಲಿದ್ದರೆ 65 ಕೇಳಿದರೂ ಸಾಮಾನ್ಯವಾಗಿ 50 ದಾಟುವುದಿಲ್ಲ, ಅದು ಮೇಲ್ಮಿತಿ.

ಆಮೇಲೆ ನಾಲ್ಕು ಬಿಟ್ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ: ಬಿಸಿ ಬೇಕು ಅಂತ ನೀವು ಕೇಳಿದ್ದು, ಆಯ್ತು ಅಂತ ಬಾಯ್ಲರ್ ಒಪ್ಪಿದ್ದು, ಉರಿ ಹೊತ್ತಿದ್ದು, ದೋಷ. ನೀವು ಕೇಳಿದ್ದೀರಿ ಆದರೆ ಅದು ಒಪ್ಪಿಲ್ಲ ಅಂದರೆ ಗುಂಡಿ, ಮೆನು ಅಥವಾ ದೋಷದ ಕೋಡ್ ಕಡೆ ಹೋಗಿ. ಒಪ್ಪಿದೆ ಆದರೆ ಉರಿ ಇಲ್ಲ ಅಂದರೆ ಅದು ಕಾಯುತ್ತಿದೆ. ನೀರು ಈಗಾಗಲೇ ಬಿಸಿ ಇದೆ, ಅಥವಾ ಆರಿದ ಮೇಲೆ ಇಷ್ಟು ನಿಮಿಷ ಹೊತ್ತಬಾರದು ಅನ್ನುವ ಅದರದ್ದೇ ಟೈಮರ್ ಓಡುತ್ತಿದೆ. ಸುಮ್ನೆ ಕಾಯಿರಿ.

ಯಾರೂ ಮುಟ್ಟದಿದ್ದರೂ ಸರ್ವರ್ ರೀಸ್ಟಾರ್ಟ್ ಆದ ಕೂಡಲೇ ಬಾಯ್ಲರ್ 70 ಡಿಗ್ರಿಗೆ ಹಾರುತ್ತದೆ ಅನ್ನುವ ದೂರೂ ಇದೆ. ದೆವ್ವ ಅಲ್ಲ. ಎಂಕ್ಯೂಟಿಟಿಯಲ್ಲಿ (ಬೋರ್ಡು, ಸರ್ವರ್ ಸಂದೇಶ ಕಳಿಸಿಕೊಳ್ಳುವ ಪದ್ಧತಿ) ಯಾವತ್ತೋ ಪರೀಕ್ಷೆಗೆ ಕಳಿಸಿದ ಆದೇಶ ರಿಟೇನ್, ಅಂದರೆ ಉಳಿಸಿಕೋ ಅನ್ನುವ ಗುರುತಿನೊಂದಿಗೆ, ಸಂದೇಶ ಹಂಚುವ ಬ್ರೋಕರ್‌ನಲ್ಲಿ ಕೂತಿದೆ, ಬೋರ್ಡು ಎದ್ದಾಗಲೆಲ್ಲ ಅದನ್ನೇ ಮತ್ತೆ ಕೈಗಿಡುತ್ತದೆ. ಸ್ಥಿತಿಯ ಸಂದೇಶ ರಿಟೇನ್ ಆಗಲಿ, ಆದೇಶ ಆಗಬಾರದು.

ಲಕ್ಷಣ: ಪದೇ ಪದೇ ಹೊತ್ತುತ್ತದೆ, ಆರುತ್ತದೆ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು, ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿಯುವುದೂ ಇದನ್ನೇ. ಎರಡು ಮೂರು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತಿದ್ದರೆ ಗ್ಯಾಸ್ ದಂಡ, ಹೊತ್ತಿಸುವ ಭಾಗಗಳೂ ಬೇಗ ಸವೆಯುತ್ತವೆ. ಆದರೆ ಕಾರಣ ಮೂರು ಥರದ್ದು, ಮೂರಕ್ಕೂ ಮದ್ದು ಬೇರೆ. ಯಾವುದೆಂದು ತಿಳಿಯಲು ಒಂದು ಗಂಟೆಯ ಗ್ರಾಫ್ ಸಾಕು: ನೀವು ಕೇಳಿದ ಬಿಟ್, ಉರಿಯ ಬಿಟ್, ಹೋಗುವ ನೀರಿನ ಬಿಸಿ, ಮತ್ತು ಸಿಕ್ಕರೆ ವಾಪಸ್ ಬರುವ ನೀರಿನ ಬಿಸಿ, ನಾಲ್ಕೂ ಒಂದರ ಕೆಳಗೊಂದು.

ಉರಿ ಆರಿದಾಗಲೆಲ್ಲ ನೀವು ಕೇಳಿದ ಬಿಟ್ಟೂ ಬೀಳುತ್ತಿದ್ದರೆ ಆರಿಸುತ್ತಿರುವುದು ನೀವೇ. ಕೋಣೆ 20.0 ಆದರೆ ಆಫ್, 19.9 ಆದರೆ ಆನ್ ಅಂತ ಬರೆದ ಆಟೊಮೇಶನ್ ಎಲ್ಲೋ ಇದೆ. ಹಳೆಯ ಥರ್ಮೋಸ್ಟಾಟಿನ ರೂಢಿಯನ್ನು ಮಾಡ್ಯುಲೇಟಿಂಗ್ ಬಾಯ್ಲರಿಗೆ ಹೇರಿದರೆ ಹೀಗೇ. ಅದಕ್ಕೆ ಉರಿಸು, ಆರಿಸು ಅಂತ ಹೇಳಬೇಡಿ, ನೀರು ಇಷ್ಟು ಬಿಸಿ ಇರಲಿ ಅಂತ ಹೇಳಿ. ಉರಿಯ ಲೆಕ್ಕ ಅದಕ್ಕೇ ಬಿಡಿ. ಆ ಬಿಸಿಯನ್ನೂ ಗಳಿಗೆಗೊಮ್ಮೆ ಬದಲಿಸಬೇಡಿ, ಕೋಣೆ ಬೆಚ್ಚಗಾಗಲು ಅರ್ಧ ಗಂಟೆ, ಒಂದು ಗಂಟೆ ಬೇಕು, ನೆಲದಡಿ ಪೈಪ್ ಇದ್ದರೆ ಇನ್ನೂ ಜಾಸ್ತಿ. ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ಬದಲಿಸುವ ಕೋಡ್ ಬರೆದು ಅದು ಕುಣಿಯುತ್ತದೆ ಅಂತ ಅಳುವವರನ್ನು ನೋಡಿದ್ದೇನೆ. ನಾನೂ ಅವರಲ್ಲೊಬ್ಬ.

ಇದರ ಅಣ್ಣ ಇನ್ನೊಬ್ಬನಿದ್ದಾನೆ. ಬಾಯ್ಲರಿನೊಳಗೆ ಹೊರಗಿನ ಚಳಿ ನೋಡಿ ಬಿಸಿ ನಿರ್ಧರಿಸುವ ವ್ಯವಸ್ಥೆ ಚಾಲೂ ಇದೆ, ಗೋಡೆಯ ಥರ್ಮೋಸ್ಟಾಟ್ ತನ್ನದೇ ಲೆಕ್ಕ ಹಾಕುತ್ತಿದೆ, ನಿಮ್ಮ ಸರ್ವರ್ ಮೂರನೆಯದು ಹೇಳುತ್ತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದ ಹಾಗೆ. ಯಾವುದಾದರೂ ಒಂದನ್ನು ಯಜಮಾನ ಮಾಡಿ, ಉಳಿದ ಎರಡನ್ನು ಮೆನುವಿನಲ್ಲಿ ಆಫ್ ಮಾಡಿ. ಯಾವುದು ಅಂತ ನನ್ನನ್ನು ಕೇಳಿದರೆ ಹೊರಗಿನ ಚಳಿ ನೋಡುವ ಲೆಕ್ಕವೇ ಮೂಲವಾಗಿರಲಿ, ಸರ್ವರ್ ಅದನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಲಿ ಸಾಕು.

ಎರಡನೆಯ ಥರ: ನೀವು ಕೇಳಿದ ಬಿಟ್ ಅಲುಗಾಡದೆ ಇದೆ, ಆದರೆ ನೀರು ನಿಧಾನವಾಗಿ ಏರಿ, ಕೇಳಿದ್ದಕ್ಕಿಂತ ಐದಾರು ಡಿಗ್ರಿ ಮೇಲೆ ಹೋಗಿ, ಉರಿ ಆರುತ್ತದೆ. ಬಾಯ್ಲರಿನ ಅತಿ ಸಣ್ಣ ಉರಿಯೂ ಮನೆಗೆ ಜಾಸ್ತಿಯಾಗುತ್ತಿದೆ ಅಂತ ಇದರ ಅರ್ಥ. ಲೆಕ್ಕ ಸುಲಭ. 24 ಕಿಲೋವಾಟ್ ಬಾಯ್ಲರ್, ಐದನೇ ಒಂದು ಭಾಗಕ್ಕೆ ಇಳಿಯಬಲ್ಲದು ಅಂದುಕೊಳ್ಳಿ, ಅಂದರೆ 4.8 ಕಿಲೋವಾಟ್. ಚಳಿ ಅಷ್ಟಿಲ್ಲದ ದಿನ ಮನೆಗೆ ಬೇಕಾದ್ದು 2 ಕಿಲೋವಾಟ್. ಉಳಿದ 2.8 ಎಲ್ಲಿಗೆ ಹೋಗಬೇಕು? ಹೊತ್ತಿ ಆರುವುದು ಬಿಟ್ಟು ಅದಕ್ಕೆ ಬೇರೆ ದಾರಿಯೇ ಇಲ್ಲ. ಹತ್ತನೇ ಒಂದಕ್ಕೆ ಇಳಿಯುವ ಬಾಯ್ಲರಾದರೆ 2.4, ತೊಂದರೆ ಬಹುಪಾಲು ಇಲ್ಲ. ಯಾವ ಸಾಫ್ಟ್‌ವೇರೂ ಈ ಕೆಳಮಿತಿಯನ್ನು ಇಳಿಸಲಾರದು. ಮಾಡಬಹುದಾದ್ದು ಇಷ್ಟೇ: ಒಂದೊಂದೇ ಕೋಣೆ ಬಿಸಿ ಮಾಡುವ ಆಸೆ ಬಿಟ್ಟು ಹಲವು ರೇಡಿಯೇಟರ್‌ಗಳನ್ನು ಒಟ್ಟಿಗೆ ತೆರೆದಿಡಿ, ಆರಿದ ಮೇಲೆ ಮತ್ತೆ ಹೊತ್ತುವ ನಡುವಿನ ಕಾಯುವ ಸಮಯ ಹೆಚ್ಚಿಸಿ. ಗಂಟೆಗೆ ಎರಡು ಮೂರು ಸಲ ಹೊತ್ತಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಮೂರನೆಯದೇ ನಿಜವಾದ ರೋಗ. ಹೊತ್ತಿದ ಒಂದು ನಿಮಿಷದೊಳಗೆ ಹೋಗುವ ನೀರು ಇಪ್ಪತ್ತು ಮೂವತ್ತು ಡಿಗ್ರಿ ಜಿಗಿಯುತ್ತದೆ, ವಾಪಸ್ ನೀರು ಇದ್ದಲ್ಲೇ ಇರುತ್ತದೆ, ಉರಿ ಆರುತ್ತದೆ. ನೀರು ಓಡುತ್ತಿಲ್ಲ. ಸ್ಮಾರ್ಟ್ ವಾಲ್ವ್ ಹಾಕಿದವರು ಮೊದಲು ಅವನ್ನೇ ಅನುಮಾನಿಸಬೇಕು: ಎಲ್ಲ ಕೋಣೆಯೂ ಸಾಕು ಅಂತ ಮುಚ್ಚಿಕೊಂಡಿವೆ, ಬಾಯ್ಲರಿಗೆ ಮಾತ್ರ ಯಾರೂ ಹೇಳಿಲ್ಲ. ಎಲ್ಲ ವಾಲ್ವ್ ಪೂರ್ತಿ ತೆರೆದು ಅರ್ಧ ಗಂಟೆ ನೋಡಿ. ಸರಿಹೋದರೆ ಒಂದೆರಡು ರೇಡಿಯೇಟರ್ ಯಾವಾಗಲೂ ತೆರೆದಿರುವ ಹಾಗೆ ಬಿಟ್ಟುಬಿಡಿ, ಮತ್ತು ಎಲ್ಲ ವಾಲ್ವ್ ಮುಚ್ಚಿದರೆ ಬಿಸಿ ಕೇಳುವುದನ್ನೂ ನಿಲ್ಲಿಸುವ ನಿಯಮ ಬರೆಯಿರಿ. ಸರಿಹೋಗದಿದ್ದರೆ ರೇಡಿಯೇಟರಿನ ಗಾಳಿ ಬಿಡಿಸಿ. ಅದಕ್ಕೂ ಬಗ್ಗದಿದ್ದರೆ ಕಟ್ಟಿಕೊಂಡ ಫಿಲ್ಟರ್, ಪಂಪ್ ಅಥವಾ ಉರಿಯ ಬಿಸಿಯನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ತುಂಬಿದ ಕೆಸರು, ಅಷ್ಟು ಹೊತ್ತಿಗೆ ಅದು ತಂತ್ರಜ್ಞರ ಕೆಲಸ.

ಲಕ್ಷಣ: ಮನೆ ಬೆಚ್ಚಗಿದೆ, ಗ್ಯಾಸ್ ಮಾತ್ರ ಮೊದಲಿನಷ್ಟೇ ಸುಡುತ್ತಿದೆ

ಹೋಗುವ ನೀರು ಯಾವಾಗಲೂ ಗುಂಡಿಯ ಮೇಲ್ಮಿತಿಯಲ್ಲೇ ಇದೆಯಾ? ಹಾಗಾದರೆ ನೀವು ಕಳಿಸುವ ಅಂಕಿ ಅದಕ್ಕೆ ಮುಟ್ಟುತ್ತಲೇ ಇಲ್ಲ. ಓಪನ್‌ಥರ್ಮ್‌ನ ಎರಡು ವೈರು ಒಂದಕ್ಕೊಂದು ತಾಗಿದರೆ ಬಾಯ್ಲರ್ ಅದನ್ನು ಹಳೆಯ ಕಾಲದ ಆನ್ ಸ್ವಿಚ್ ಅಂತ ತಿಳಿದು ಗುಂಡಿಯ ಬಿಸಿಗೆ ಓಡುತ್ತದೆ. ಆ ಟರ್ಮಿನಲ್ಲಿಗೆ ಬರೀ ಆನ್-ಆಫ್ ಮಾಡುವ ರಿಲೇ ಹಾಕಿದವರೂ ಇದೇ ಸ್ಥಿತಿಯಲ್ಲಿದ್ದಾರೆ, ಮಾಡ್ಯುಲೇಶನ್‌ಗೆ ದುಡ್ಡು ಕೊಟ್ಟು ಬಳಸುತ್ತಿಲ್ಲ.

ವೈರು ಸರಿ ಇದ್ದರೆ ವಾಪಸ್ ನೀರಿನ ಬಿಸಿ ನೋಡಿ. ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿರುವ ಆವಿಯನ್ನು ನೀರಾಗಿಸಿ ಅದರ ಬಿಸಿಯನ್ನೂ ಹಿಡಿಯುತ್ತದೆ, ಆದರೆ ನೈಸರ್ಗಿಕ ಅನಿಲದಲ್ಲಿ ಅದು ಆಗುವುದು ವಾಪಸ್ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗ. ಕೆಳಗೆ ಹೋದಷ್ಟೂ ಲಾಭ. ದಿನಕ್ಕೆ ಎರಡೆರಡು ಡಿಗ್ರಿ ಹೋಗುವ ನೀರಿನ ಬಿಸಿ ಇಳಿಸುತ್ತ ಹೋಗಿ, ಕೋಣೆ ಇನ್ನು ಬೆಚ್ಚಗಾಗುವುದಿಲ್ಲ ಅನ್ನುವಲ್ಲಿ ಸ್ವಲ್ಪ ಮೇಲೆ ನಿಲ್ಲಿಸಿ. ಒಂದು ಎಚ್ಚರಿಕೆ: ಸ್ನಾನದ ನೀರು ಟ್ಯಾಂಕಿನಲ್ಲಿ ನಿಲ್ಲುವ ಮನೆಯಾದರೆ ಟ್ಯಾಂಕಿನ ಬಿಸಿಯನ್ನು ಇದೇ ಉತ್ಸಾಹದಲ್ಲಿ ಇಳಿಸಬೇಡಿ. 20ರಿಂದ 45 ಡಿಗ್ರಿ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಬಿಸಿ, ಟ್ಯಾಂಕ್ 60ಕ್ಕೆ ಹೋಗುತ್ತಿರಬೇಕು.

ನಲ್ಲಿ ಬಿಟ್ಟಾಗ ರೇಡಿಯೇಟರ್ ತಣ್ಣಗಾಗಿ, ನೀರು ಇದ್ದಕ್ಕಿದ್ದಂತೆ ನಿಮ್ಮ 45 ಬಿಟ್ಟು 70ಕ್ಕೆ ಹಾರಿದರೆ ಅದು ದೋಷವಲ್ಲ. ಬಿಸಿನೀರಿಗೆ ಮೊದಲ ಪಾಳಿ. ಅದರ ಬಿಟ್ಟನ್ನು ನೋಡಿ ಆ ಹೊತ್ತಿನ ಅಂಕಿಗಳನ್ನು ಲೆಕ್ಕಕ್ಕೆ ಬಿಡಿ.

ಲಕ್ಷಣ: ಪ್ರೆಷರ್ ಗ್ರಾಫ್ ಗರಗಸದ ಹಾಗೆ ಕಾಣುತ್ತದೆ

ಆಟೊಮೇಶನ್ ಜೋಡಿಸಿದ್ದಕ್ಕೆ ಸಿಗುವ ಬೋನಸ್ ಇದು. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು, ಬಿಸಿಯಾದಾಗ ಸ್ವಲ್ಪ ಏರಬೇಕು. ಬಿಸಿಯಾದಾಗ 3ರ ಹತ್ತಿರ ಹೋಗಿ, ತಣಿದಾಗ 1ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ಗಾಳಿ ಹೋಗಿರಬಹುದು, ಹೆಚ್ಚುವರಿ ನೀರು ಸೇಫ್ಟಿ ವಾಲ್ವಿನಿಂದ ಹೊರಗೆ ಹೋಗುತ್ತಿದೆ. ಬಿಸಿಯಾಗಲಿ ಬಿಡಲಿ, ದಿನವೂ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ. ಒಮ್ಮೆ ನೀರು ತುಂಬಿಸಿ ನೋಡಿ. ವಾರವಾರವೂ ತುಂಬಿಸುವ ಹಾಗಾದರೆ ನಿಲ್ಲಿಸಿ, ಹೊಸ ನೀರಿನ ಜೊತೆ ಆಮ್ಲಜನಕ ಹೋಗಿ ಒಳಗೆಲ್ಲ ತುಕ್ಕು ಹಿಡಿಯುತ್ತದೆ.

ಲಕ್ಷಣ: ದೋಷದ ಕೋಡ್ ತೋರಿಸಿ ಲಾಕ್ ಆಗಿದೆ

ಕೋಡ್ ಬರೆದುಕೊಳ್ಳಿ, ಪುಸ್ತಕದಲ್ಲಿ ಅರ್ಥ ನೋಡಿ, ಒಮ್ಮೆ ಬಾಯ್ಲರಿನ ಎದುರೇ ನಿಂತು ರೀಸೆಟ್ ಮಾಡಿ. ಮತ್ತೆ ಬಂದರೆ ಸಾಕು ಮಾಡಿ. ದೂರದಿಂದ ರೀಸೆಟ್ ಮಾಡುವ ಬಟನ್ ನಿಮ್ಮ ವ್ಯವಸ್ಥೆಯಲ್ಲಿ ಸಿಗಬಹುದು, ಲಾಕ್ ಆದರೆ ತಾನಾಗಿ ರೀಸೆಟ್ ಮಾಡು ಅಂತ ಬರೆಯಲು ಕೈ ತುರಿಸಲೂಬಹುದು. ಯಾವತ್ತೂ ಬರೆಯಬೇಡಿ. ಉರಿ ಹಿಡಿಯಲಿಲ್ಲ ಅಂತ ಲಾಕ್ ಆದ ಬಾಯ್ಲರನ್ನು ಮತ್ತೆ ಮತ್ತೆ ಎಬ್ಬಿಸಿದರೆ ಪ್ರತಿ ಸಲವೂ ಸುಡದ ಗ್ಯಾಸ್ ಒಳಗೆ ಬರುತ್ತದೆ. ಹಾಗೆಯೇ ನೆಲದಡಿ ಪೈಪಿಗೆ ಅತಿ ಬಿಸಿ ನೀರು ಹೋಗದಂತೆ ತಡೆಯುವ ಕೆಲಸವನ್ನೂ ಸಾಫ್ಟ್‌ವೇರಿಗೆ ಒಪ್ಪಿಸಬೇಡಿ, ಅದಕ್ಕೆ ಪೈಪಿಗೇ ಕಟ್ಟಿದ ಥರ್ಮೋಸ್ಟಾಟ್ ಬೇಕು.

ತಂತ್ರಜ್ಞರನ್ನು ಕರೆಯುವ ಮುಂಚೆ ನಿಮ್ಮ ಬೋರ್ಡು ಬಿಚ್ಚಿ ಹಳೆಯ ಥರ್ಮೋಸ್ಟಾಟನ್ನು ನೇರ ಜೋಡಿಸಿ ಒಂದು ದಿನ ಓಡಿಸಿ ನೋಡಿ. ತೊಂದರೆ ಮಾಯವಾದರೆ ಅವರನ್ನು ಕರೆಯಬೇಕಿಲ್ಲ. ಹಾಗೇ ಉಳಿದರೆ ಫೋನಿನಲ್ಲೇ ಅದನ್ನು ಹೇಳಿ, ಬಂದಾಗ ಆ ಒಂದು ಗಂಟೆಯ ಗ್ರಾಫ್ ಮತ್ತು ಬರೆದಿಟ್ಟ ಕೋಡ್ ತೋರಿಸಿ. ಹಳೆಯ ಥರ್ಮೋಸ್ಟಾಟನ್ನು ಎಸೆದಿಲ್ಲ ತಾನೇ?